ಮೂರು ಹತ್ತರ ಗಂಟೆ

ಮೊನ್ನೆ ಅಂಗಡಿಯ ಮೇಜಿನ ಕೆಳಗಿನ ಖಾನೆ ಎಳೆದು ಏನನ್ನೋ ಹುಡುಕುತ್ತಿದ್ದೆ. ಹುಡುಕುತ್ತಿದ್ದುದು ಸಿಗಲಿಲ್ಲ, ಅದು ಏನಾಗಿತ್ತೆಂಬುದೂ ಈಗ ಮರೆತುಹೋಗಿದೆ. ಕೈಗೆ ಸಿಕ್ಕಿದ್ದು ಒಂದು ಬೆಡ್ ಸ್ವಿಚ್ಚು. ಈಗಿನವರಿಗೆ ಬೆಡ್ ಸ್ವಿಚ್ಚೆಂದರೆ ಗೊತ್ತಿರಲಿಕ್ಕಿಲ್ಲ. ಎಳೆ ಬದನೆಕಾಯಿಯಷ್ಟು ಗಾತ್ರದ, ವೈರಿನ ತುದಿಗೆ ನೇತಾಡುವ ಸ್ವಿಚ್ಚು ಅದು. ಮಂಚದ ತಲೆದೆಸೆಗೆ ಇಳಿಬಿಟ್ಟರೆ ಎದ್ದು ಹೋಗದೆಯೇ ದೀಪ ಆರಿಸಬಹುದಿತ್ತು. ಬಿಳಿಯದು ಹಳದಿಯಾಗಿತ್ತು. ಒತ್ತುವ ಗುಂಡಿಯ ಸುತ್ತಲಿನ ಸಂದಿಯಲ್ಲಿ ಬಿಳಿ ಪುಡಿ ಕೂತಿತ್ತು. ಸುಣ್ಣವಿರಬೇಕೆಂದು ಉಗುರಿನಿಂದ ಕೆರೆದು ಮೂಸಿ ನೋಡಿದೆ. ವಿಭೂತಿ.

ಇದು ನಮ್ಮ ಮಾವನವರ ಸ್ವಿಚ್ಚು. ಅಂದರೆ ನನ್ನ ಹೆಂಡತಿ ಗಿರಿಜಳ ತಂದೆ, ಮಲ್ಲೇಶಪ್ಪನವರದು. ತೊಂಬತ್ತರ ದಶಕದಲ್ಲಿ ಏಳು ವರ್ಷ ಅವರು ಶಿಕಾರಿಪುರದಲ್ಲಿ ನಮ್ಮ ಜೊತೆ ಇದ್ದರು. ಆ ಏಳು ವರ್ಷವೂ ನನಗಿದ್ದ ಚಿಂತೆ ಒಂದೇ: ಈ ಮನುಷ್ಯ ಬಿದ್ದರೆ ನನಗೆ ಗೊತ್ತಾಗುವುದು ಹೇಗೆ?

ಈಗ ಅದಕ್ಕೆಲ್ಲ ಬಗೆಬಗೆಯ ಉಪಾಯಗಳು ಬಂದಿವೆ. ನಮ್ಮ ಬೀದಿಯಲ್ಲೇ ಒಬ್ಬರು ತಮ್ಮ ತಾಯಿಯ ಕೊಠಡಿಗೆ ಕ್ಯಾಮೆರಾ ಹಾಕಿಸಿ, ಸಂತೆಯಲ್ಲಿ ಬೆಂಡೆಕಾಯಿ ಆರಿಸುತ್ತ ಫೋನಿನಲ್ಲಿ ಆಕೆಯನ್ನು ನೋಡುತ್ತಾರೆ. ಕೈಗೆ ಕಟ್ಟಿದ ವಾಚು, ಕಟ್ಟಿಕೊಂಡವರು ಬಿದ್ದರೆ ತಾನೇ ಕೂಗುತ್ತದಂತೆ. ಒಳ್ಳೆಯದೇ. ನಮ್ಮ ಕಾಲಕ್ಕೆ ಇದ್ದದ್ದು ಕಿವಿ ಒಂದೇ. ನಮ್ಮ ಅಜ್ಜಿಗಂತೂ ಯಾವ ಬೆಲ್ಲೂ ಬೇಕಿರಲಿಲ್ಲ. ಆಕೆಗೆ ಹಲ್ಲಿರಲಿಲ್ಲವಾದ್ದರಿಂದ ಎಲೆ ಅಡಿಕೆಯನ್ನು ಸಣ್ಣ ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟಿಕೊಳ್ಳುತ್ತಿದ್ದಳು. ಆ ಟಕ್ ಟಕ್ ಕೇಳುತ್ತಿರುವವರೆಗೆ ನಮ್ಮಮ್ಮ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ; ನಿಂತಿತೋ, "ಹೋಗಿ ನೋಡು" ಎಂದು ನನ್ನನ್ನು ಅಟ್ಟುತ್ತಿದ್ದಳು. ಅಜ್ಜಿ ತೂಕಡಿಸುತ್ತಿದ್ದರೆ ನಾನು ಕುಟ್ಟಾಣಿಯಿಂದ ಒಂದು ಚಿಟಿಕೆ ಕದ್ದು ಬಾಯಿಗೆ ಹಾಕಿಕೊಂಡು, ಆಮೇಲೆ ನಾನೇ ನಾಲ್ಕು ಸಲ ಟಕ್ ಟಕ್ ಎಂದು ಕುಟ್ಟಿ ಬರುತ್ತಿದ್ದೆ. ಅಮ್ಮ ನಿಶ್ಚಿಂತೆಯಿಂದ ರೊಟ್ಟಿ ತಟ್ಟುತ್ತಿದ್ದಳು. ಮೋಸದ ಗಂಟೆ ಹೊಡೆಯುವುದನ್ನು ನಾನು ಆಗಲೇ ಕಲಿತಿದ್ದೆ ಎನ್ನಿ.

ಮಾವನವರ ಕಡೆಗೇ ಬರುತ್ತೇನೆ. ಅವರು ಸೊರಬದ ಒಂದು ಶಾಲೆಯಲ್ಲಿ ಮೂವತ್ಮೂರು ವರ್ಷ ಜವಾನರಾಗಿದ್ದವರು. ಹಾಜರಿ ಪುಸ್ತಕ ಒಯ್ಯುವುದು, ಕೊಡ ತುಂಬುವುದು, ಮೇಷ್ಟ್ರುಗಳಿಗೆ ಚಹಾ ತರುವುದು ಎಲ್ಲ ಇದ್ದರೂ, ತಮ್ಮ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ ಅವರು ಹೇಳುತ್ತಿದ್ದದ್ದು, "ಗಂಟೆ ಹೊಡಿಯದು" ಎಂದೇ. ಶಾಲೆಯ ಮುಂದೆ ನೇತುಹಾಕಿದ್ದ ರೈಲು ಕಂಬಿಯ ತುಂಡೊಂದನ್ನು ಕಬ್ಬಿಣದ ಸರಳಿನಿಂದ ಬಾರಿಸುವುದು. ಮಳೆಗಾಲ ಬೇಸಿಗೆ ಎನ್ನದೆ ಹತ್ತೂವರೆಗೆ ಪ್ರಾರ್ಥನೆಯ ಗಂಟೆ, ಆಮೇಲೆ ನಲವತ್ತು ನಿಮಿಷಕ್ಕೊಂದು ಪಿರಿಯಡ್ಡಿನ ಗಂಟೆ, ಒಂದು ಹತ್ತಕ್ಕೆ ಊಟ, ಎರಡೂವರೆಗೆ ಮತ್ತೆ ಒಳಕ್ಕೆ, ಮೂರು ಹತ್ತು, ಮೂರು ಐವತ್ತು, ನಾಲ್ಕೂವರೆಗೆ ಲಾಂಗ್ ಬೆಲ್. ಕೀಲಿ ಕೊಡುವ ವಾಚನ್ನು ಬೆಳಗಿನ ರೇಡಿಯೊ ವಾರ್ತೆಗೆ ಸರಿಯಾಗಿ ತಿರುಗಿಸಿಕೊಂಡೇ ಅವರು ಮನೆಯಿಂದ ಹೊರಡುತ್ತಿದ್ದರಂತೆ.

ನಿವೃತ್ತಿಯಾದ ಎರಡನೇ ವರ್ಷ ಅತ್ತೆ ತೀರಿಕೊಂಡರು. ಗಿರಿಜ ಒಬ್ಬಳೇ ಮಗಳು. ಮಾವನಿಗೆ ತಲೆಸುತ್ತು ಶುರುವಾಗಿ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಕುಸಿದು ಕೂತರೆಂದು ಗೊತ್ತಾದಾಗ ನಾವು ಹೋಗಿ ಕರೆತಂದೆವು. ಬರಲು ಅವರಿಗೆ ಸುತಾರಾಂ ಮನಸ್ಸಿರಲಿಲ್ಲ. ಮಗಳ ಮನೆಯಲ್ಲಿ ಕೂತು ಉಣ್ಣುವುದೆಂದರೆ ಅವರಿಗೆ ಮುಜುಗರ.

"ಎರಡು ತಿಂಗ್ಳು ಅಷ್ಟೇಯ. ತಲೆ ಸುತ್ತದು ನಿಂತ ಕೂಡ್ಲೆ ಹೋಗ್ತೆ ನಾನು" ಎಂದು ಬಸ್ಸಿನಲ್ಲೇ ಕರಾರು ಮಾಡಿಕೊಂಡರು. ಒಂದು ಟ್ರಂಕು, ತಮ್ಮದೇ ತಟ್ಟೆ ಲೋಟ, ತಮ್ಮದೇ ಹಾಸಿಗೆ ತಂದಿದ್ದರು. ನಮ್ಮ ಮನೆಯಲ್ಲಿ ತಟ್ಟೆಯೇ ಇಲ್ಲವೇನೋ ಎಂಬಂತೆ.

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿಗೆ ತಾಮ್ರದ ತಂತಿಯ ಹೊಸ ಕಾಯಿಲು ಸುತ್ತುವ ಕೆಲಸ. ಅಂಜನಾಪುರದ ಕಡೆ ಹೋಗುವ ರಸ್ತೆಯಲ್ಲಿ ಮುಂದೆ ಅಂಗಡಿ, ನಡುವೆ ನಲ್ಲಿಯಿರುವ ಅಂಗಳ, ಹಿಂದೆ ಮನೆ. ಸುತ್ತಲಿನ ಹಳ್ಳಿಗಳ ಸುಟ್ಟ ಪಂಪ್‌ಸೆಟ್ಟುಗಳೆಲ್ಲ ನನ್ನ ಮುಂದೆ ಬಂದು ಬೀಳುತ್ತಿದ್ದವು. ಗಿರಿಜ ಉಡುತಡಿಯಲ್ಲಿ ಅಂಗನವಾಡಿ ಶಿಕ್ಷಕಿ; ಬೆಳಿಗ್ಗೆ ಬಸ್ಸಿಗೆ ಹೋದರೆ ಬರುವುದು ಐದಕ್ಕೆ. ಹಗಲಿಡೀ ಮನೆಯಲ್ಲಿ ಮಾವ ಒಬ್ಬರೇ, ಅಂಗಡಿಯಲ್ಲಿ ನಾನೊಬ್ಬನೇ, ನಡುವೆ ಅರವತ್ತು ಅಡಿ. ನಾನು ಸುತ್ತಿಗೆ ಹಿಡಿದೆನೆಂದರೆ ಪಕ್ಕದಲ್ಲಿ ನಿಂತವರು ಹೇಳಿದ್ದೂ ನನಗೆ ಕೇಳುತ್ತಿರಲಿಲ್ಲ.

ಬಂದ ಮೂರನೇ ವಾರ ಮಾವ ಬಚ್ಚಲಿನ ಬಾಗಿಲಲ್ಲಿ ಬಿದ್ದರು. ನಾನು ನೀರು ಕುಡಿಯಲು ಒಳಗೆ ಬಂದಾಗ ಗೋಡೆಗೆ ಒರಗಿ ಕೂತಿದ್ದರು. ಎಷ್ಟು ಹೊತ್ತಾಯಿತೆಂದು ಕೇಳಿದರೆ, "ಈಗ ಈಗ" ಎಂದರು. ಹಣೆಯ ಮೇಲಿನ ರಕ್ತ ಆಗಲೇ ಒಣಗಿತ್ತು.

"ಕೂಗಬಾರದಿತ್ತಾ ಮಾವ?"

"ನೀವು ಕೆಲ್ಸದಾಗಿದ್ರಲಾ ಅಳಿಯಂದ್ರೆ."

ಅಂದು ಸಂಜೆ ಮನೆಯಲ್ಲಿ ಸಭೆ ಸೇರಿತು. ಸಭೆಯೆಂದರೆ ನಾನು, ಗಿರಿಜ, ಪಕ್ಕದ ಮನೆಯ ಶಾಂತಕ್ಕ. ಶಾಂತಕ್ಕನಿಗೂ ಅರವತ್ತು ದಾಟಿತ್ತು, ಮನೆಯಲ್ಲಿ ಒಬ್ಬಳೇ. ನಮ್ಮ ನಲ್ಲಿಗೆ ನೀರಿಗೆ ಬರುವುದು ಆಕೆಯ ಹಕ್ಕು, ಸಲಹೆ ಕೊಡುವುದು ಅದರ ಜೊತೆಗೆ ಬಂದದ್ದು. ತಟ್ಟೆಗೆ ಚಮಚದಿಂದ ಬಡಿಯಲಿ ಎಂದಳು ಗಿರಿಜ. ಅಂಗಡಿಗೆ ಕೇಳುವುದಿಲ್ಲ ಎಂದೆ ನಾನು. ದನದ ಕೊರಳಿನ ಗಂಟೆ ಮಂಚಕ್ಕೆ ಕಟ್ಟಿ ಎಂದಳು ಶಾಂತಕ್ಕ. ಮಾವ ಒಳಗಿನಿಂದಲೇ ಜೋರಾಗಿ ಕೆಮ್ಮಿದರು. ಆ ಮಾತು ಅಲ್ಲಿಗೆ ನಿಂತಿತು. ನಾನು ಸಂತೆಯಿಂದ ಒಂದು ಪೀಪಿ ತಂದೆ, ಆಟದ ಮೈದಾನದಲ್ಲಿ ಊದುವಂಥದ್ದು. ಮಾವ ಅದನ್ನು ಮುಟ್ಟಲೂ ಇಲ್ಲ.

"ಪೀಪಿ ಪಿ.ಟಿ. ಮೇಷ್ಟ್ರದ್ದು. ನಾ ಹೆಂಗೆ ಊದದು?" ಎಂದರು.

ಕೊನೆಗೆ ಶಾಂತಕ್ಕನೇ ಗಂಟೆಗೊಮ್ಮೆ ಕಿಟಕಿಯಲ್ಲಿ ಇಣುಕಿ ನೋಡುವುದೆಂದಾಯಿತು. ನಾಲ್ಕು ದಿನ ಇಣುಕಿದಳು. ಐದನೇ ದಿನ ಮಾವ ಕಿಟಕಿಗೆ ಪಂಚೆ ಕಟ್ಟಿಬಿಟ್ಟರು. "ನಾನೇನು ಪರೀಕ್ಷೆ ಬರೀತಿದೀನಾ, ಹಂಗೆ ಬಗ್ಗಿ ನೋಡಕೆ?" ಎಂಬುದು ಅವರ ವಾದ. ಶಾಂತಕ್ಕನಿಗೆ ಸಿಟ್ಟು ಬಂತು. ಎರಡು ದಿನ ನೀರಿಗೂ ಬರಲಿಲ್ಲ.

ಆಗ ನನ್ನೊಳಗಿನ ಮೆಕ್ಯಾನಿಕ್ ಎದ್ದು ಕೂತ. ನಾನೇ ಕಾಯಿಲ್ ಸುತ್ತಿ, ಒಂದು ಹಳೆಯ ಸೈಕಲ್ ಬೆಲ್ಲಿನ ಬಟ್ಟಲು ಹಾಕಿ, ಕರೆಗಂಟೆ ಮಾಡಿದೆ. ನಮ್ಮಲ್ಲಿ ಕರೆಂಟು ಇದ್ದಷ್ಟೇ ಹೊತ್ತು ಇಲ್ಲದೆಯೂ ಇರುತ್ತಿತ್ತು. ಕರೆಂಟಿಲ್ಲದಾಗ ಮಾವ ಬೀಳಬಾರದೆಂದು ಹೇಳಲಾಗುತ್ತದೆಯೇ? ಅದಕ್ಕೆ ಸ್ಕೂಟರಿನ ಹಳೆಯ ಬ್ಯಾಟರಿ ಜೋಡಿಸಿದೆ. ಗಂಟೆ ಅಂಗಡಿಯಲ್ಲಿ, ನನ್ನ ತಲೆಯ ಮೇಲೆ. ಅಲ್ಲಿಂದ ಅಂಗಳ ದಾಟಿ ಮಾವನ ಮಂಚದವರೆಗೆ ವೈರು. ಅದರ ತುದಿಗೆ ಈ ಬೆಡ್ ಸ್ವಿಚ್ಚು, ಒಳಗೆ ಸ್ಪ್ರಿಂಗ್ ಹಾಕಿ ಒತ್ತಿದಾಗ ಮಾತ್ರ ಬಾರಿಸುವಂತೆ ತಿದ್ದಿದ್ದು. ಬಚ್ಚಲಿಗೂ ಒಯ್ಯಲಿ ಎಂದು ಇಪ್ಪತ್ತಡಿ ವೈರು ಸಡಿಲ ಬಿಟ್ಟಿದ್ದೆ. ಹೀಗೆಲ್ಲ ಮುಂದಾಲೋಚನೆ ಮಾಡಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

"ಏನಾದ್ರೂ ಆದ್ರೆ ಇದನ್ನ ಒತ್ತಿ ಮಾವ. ನಾನು ಓಡಿ ಬರ್ತೀನಿ."

ಮಾವ ಸ್ವಿಚ್ಚನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮುಖ ಅರಳಿತು. "ಇದು ಗಂಟೆಯಾ?" ಎಂದರು.

ಮರುದಿನ ಹತ್ತೂವರೆಗೆ ಸರಿಯಾಗಿ ಗಂಟೆ ಬಾರಿಸಿತು. ಕೈಯಲ್ಲಿದ್ದುದನ್ನು ಬಿಸಾಕಿ ಓಡಿದೆ. ಮಾವ ಮಂಚದ ಪಕ್ಕ ನೆಟ್ಟಗೆ ನಿಂತಿದ್ದರು, ಹಣೆಯಲ್ಲಿ ಹೊಸ ವಿಭೂತಿ, ಒಂದು ಕೈಯಲ್ಲಿ ಸ್ವಿಚ್ಚು, ಇನ್ನೊಂದು ಕೈಯಲ್ಲಿ ವಾಚು.

"ಏನಾಯ್ತು?"

"ಎಂತ ಆಗ್ಲಿಲ್ಲ. ಪ್ರಾರ್ಥನೆ."

ಹನ್ನೊಂದು ಹತ್ತಕ್ಕೆ ಮತ್ತೆ. ಹನ್ನೊಂದು ಐವತ್ತಕ್ಕೆ ಮತ್ತೆ. ಊಟದ ಹೊತ್ತಿಗೆ ನಾನು ನಾಲ್ಕು ಸಲ ಓಡಿದ್ದೆ, ಎಡಗಾಲಿನ ಚಪ್ಪಲಿ ಕಿತ್ತಿತ್ತು. ಲಾಂಗ್ ಬೆಲ್ ಅಂತೂ ಒಂದಿಡೀ ನಿಮಿಷ ಬಾರಿಸಿತು. ಸಂಜೆ ಗಿರಿಜಳ ಮುಂದೆ ದೂರಿಟ್ಟರೆ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ನಿವೃತ್ತಿ ಆದ್ಮೇಲೆ ಅಪ್ಪನ ಮುಖ ಇಷ್ಟು ಚೆನ್ನಾಗಿ ನೋಡಿದ್ದೇ ಇವತ್ತು. ಹೊಡ್ಕೊಳ್ಲಿ ಬಿಡ್ರಿ" ಎಂದಳು.

ಬಿಟ್ಟೆ. ಮೊದಲು ಸಿಟ್ಟಿನಿಂದ ಬಿಟ್ಟದ್ದು, ಆಮೇಲೆ ನನಗೇ ಅದರ ಲಾಭ ಹೊಳೆಯಿತು. ಗಂಟೆ ಹೊತ್ತಿಗೆ ಸರಿಯಾಗಿ ಬಾರಿಸಿದರೆ ಮಾವ ಕ್ಷೇಮ. ಬಾರಿಸದಿದ್ದರೆ ಓಡಬೇಕು. ಆಪತ್ತಿಗೆಂದು ಮಾಡಿದ್ದು ಕ್ಷೇಮಸಮಾಚಾರಕ್ಕೆ ಬಂತು! ಇದನ್ನು ನಾನೇ ಕಂಡುಹಿಡಿದೆನೆಂದು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ಮೆರೆದೆ. ಗಂಟೆಯಾದ ಕೂಡಲೇ, ಮೋಟಾರು ತಂದಿದ್ದ ಉಡುತಡಿಯವರು, "ಏನ್ರಿ, ನಿಮ್ದು ಅಂಗಡೀನೋ ಸಾಲೀನೋ?" ಎಂದು ಕೇಳುತ್ತಿದ್ದರು. "ಮೂರನೇ ಪಿರಿಯಡ್ ಮುಗೀತು, ಕೂತ್ಕೊಳ್ರಿ" ಎನ್ನುತ್ತಿದ್ದೆ. ಶನಿವಾರ ಬೆಳಗಿನ ಶಾಲೆ, ಗಂಟೆಯ ವೇಳೆಯೇ ಬೇರೆ. ಭಾನುವಾರ ರಜೆ, ಅಂದು ಗಿರಿಜ ಮನೆಯಲ್ಲಿರುತ್ತಿದ್ದಳು, ಚಿಂತೆಯಿರಲಿಲ್ಲ. ಏಪ್ರಿಲಿನಲ್ಲಿ ಮಾತ್ರ ಗಂಟೆ ಇದ್ದಕ್ಕಿದ್ದಂತೆ ನಿಂತು ನಾನು ಗಾಬರಿಯಿಂದ ಓಡಿದರೆ, ಮಾವ ಕಾಲು ಚಾಚಿ ಪೇಪರ್ ಓದುತ್ತಿದ್ದರು. ಬೇಸಿಗೆ ರಜೆಯಂತೆ! ಹತ್ತನೇ ತರಗತಿಗೆ ಸ್ಪೆಷಲ್ ಕ್ಲಾಸ್ ಇದೆಯೆಂದು ನಾನು ಕೈಮುಗಿದು ಕೇಳಿಕೊಂಡ ಮೇಲೆ ಮತ್ತೆ ಶುರುವಾಯಿತು.

ಆಯುಧ ಪೂಜೆಯ ದಿನ ನಾನು ಸುತ್ತಿಗೆ, ಕಟಿಂಗ್ ಪ್ಲೇಯರುಗಳನ್ನು ಸಾಲಾಗಿ ಇಟ್ಟಿದ್ದರೆ, ಮಾವ ತಮ್ಮ ಸ್ವಿಚ್ಚನ್ನೂ ತಂದು ಪಕ್ಕದಲ್ಲಿಟ್ಟು ವಿಭೂತಿ ಹಚ್ಚಿದರು. ಎರಡು ತಿಂಗಳ ಕರಾರಿನ ಮಾತು ಆಮೇಲೆ ಅವರು ಎತ್ತಲಿಲ್ಲ.

ಇನ್ನು ಹೇಳಬೇಕಾದ್ದು ನನಗೆ ಅಷ್ಟು ಸುಲಭವಲ್ಲ. ಆದರೆ ಹೇಳದಿದ್ದರೆ ಈ ಸ್ವಿಚ್ಚಿನ ಕತೆ ಪೂರ್ತಿಯಾಗುವುದಿಲ್ಲ.

ಎರಡನೇ ವರ್ಷದ ಒಂದು ಬುಧವಾರ. ಭತ್ತಕ್ಕೆ ನೀರು ಬೇಕಾದ ಕಾಲ, ಅಂಗಡಿಯ ತುಂಬ ಸುಟ್ಟ ಮೋಟಾರುಗಳು. ಎರಡೂವರೆಗೆ ಗಂಟೆ ಆಯಿತು. ನಾನು ಒಂದು ಮೋಟಾರಿನ ಕಾಯಿಲು ಕೂರಿಸುತ್ತಿದ್ದೆ. ಮೂರು ಹತ್ತಕ್ಕೆ ಗಂಟೆ ಆಯಿತು, ಮಧ್ಯಾಹ್ನದ ಮೊದಲ ಪಿರಿಯಡ್ ಮುಗಿದದ್ದು. ಮೂರು ಐವತ್ತಕ್ಕೆ ಆಯಿತು. ನಾಲ್ಕೂವರೆಗೆ ಲಾಂಗ್ ಬೆಲ್, ಎಂದಿನಷ್ಟು ಉದ್ದವಿರಲಿಲ್ಲ, ಆದರೂ ಲಾಂಗೇ. ಲಾಂಗ್ ಬೆಲ್ಲಿಗೆ ಕೈ ತೊಳೆದು ಒಳಗೆ ಹೋಗಿ ಇಬ್ಬರಿಗೂ ಚಹಾ ಮಾಡುವುದು ನನ್ನ ಪದ್ಧತಿ. ಹೋದೆ.

ಮಾವ ಬಚ್ಚಲಿನ ಹತ್ತಿರ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದರು. ಎಡಗೈ ಮೈಯಡಿ ಸಿಕ್ಕಿಕೊಂಡಿತ್ತು. ಬಲಗೈಯಲ್ಲಿ ಸ್ವಿಚ್ಚು. ವಾಚು ಮುಖದ ಹತ್ತಿರ ನೆಲದ ಮೇಲೆ, ಕಾಣುವ ಹಾಗೆ ಇಟ್ಟುಕೊಂಡಿದ್ದರು. ಕಾಲಿಗೆ ವೈರು ಸುತ್ತಿಕೊಂಡಿತ್ತು.

ಎಡವಿದ್ದು ನನ್ನ ವೈರಿಗೆ. ಮುಂದಾಲೋಚನೆಯಿಂದ ನಾನು ಸಡಿಲ ಬಿಟ್ಟ ಇಪ್ಪತ್ತಡಿ ವೈರಿಗೆ. ಬಿದ್ದದ್ದು ಎರಡು ಮುಕ್ಕಾಲಿಗೆ.

"ಎರಡು ಮುಕ್ಕಾಲಿಗೆ ಬಿದ್ರೆ ಆಗ್ಲೇ ಒತ್ತಬೇಕಿತ್ತಲ್ಲ ಮಾವ! ಕೈಯಲ್ಲೇ ಇತ್ತಲ್ಲ!" ನಾನು ಕಿರುಚಿದೆನೆಂದು ಕಾಣುತ್ತದೆ.

"ಪಿರಿಯಡ್ ಮುಗಿದಿರ್ಲಿಲ್ಲ" ಎಂದರು ಮಾವ. ತುಟಿ ಒಣಗಿತ್ತು. "ಮೂರು ಹತ್ತಕ್ಕೆ ಹೊಡ್ದೆ. ನೀವು ಬರ್ಲಿಲ್ಲ."

ನಾನು ಬರಲಿಲ್ಲ, ನಿಜ. ಗಂಟೆ ಹೊತ್ತಿಗೆ ಸರಿಯಾಗಿ ಆಯಿತಲ್ಲ, ಮಾವ ಕ್ಷೇಮ ಎಂದು ಕಾಯಿಲು ಸುತ್ತುತ್ತ ಕೂತಿದ್ದೆ. ಅವರು ಹೊತ್ತಾಗಲೆಂದು ಕಾದು ಕರೆದರು. ಹೊತ್ತಿಗೆ ಸರಿಯಾಗಿ ಕರೆದರೆಂಬ ಕಾರಣಕ್ಕೇ ನಾನು ಏಳಲಿಲ್ಲ. ಎಡಗೈಯ ಮಣಿಕಟ್ಟು ಮುರಿದಿತ್ತು, ಮಂಡಿ ಊದಿತ್ತು. ಅಂದು ಜೀಪು ಮಾಡಿಕೊಂಡು ಶಿವಮೊಗ್ಗಕ್ಕೆ ಹೋಗುವಾಗ ದಾರಿಯುದ್ದಕ್ಕೂ ನನಗೆ ಅಳು ಬರುತ್ತಿತ್ತು, ಪಕ್ಕದಲ್ಲಿ ಗಿರಿಜ ಇದ್ದಳೆಂದು ತಡೆದುಕೊಂಡೆ. ಮೂಳೆ ಡಾಕ್ಟರು ಹೇಗೆ ಬಿದ್ದಿರೆಂದು ಕೇಳಿದಾಗ ಮಾವ, "ಹಿಂಗೇ, ತಲೆ ಸುತ್ತಿ" ಎಂದರು. ವೈರಿನ ಸುದ್ದಿ ಎತ್ತಲೇ ಇಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು.

ಪಟ್ಟಿ ಹಾಕಿಸಿಕೊಂಡು ಬಂದ ಮೇಲೆ ನಾನು ಮೊದಲು ಮಾಡಿದ ಕೆಲಸ ವೈರನ್ನು ಗೋಡೆಗೆ ಕ್ಲಿಪ್ಪು ಹೊಡೆದು ಕೂರಿಸಿದ್ದು. ಮಂಚದ ಬಳಿ ಬೆಡ್ ಸ್ವಿಚ್ಚು ಗಿಡ್ಡ ವೈರಿನಲ್ಲಿ ಉಳಿಯಿತು. ಬಚ್ಚಲಿಗೊಂದು, ಹೊರಗಿನ ಕಟ್ಟೆಗೊಂದು ಬೇರೆ ಗುಂಡಿ ಹಾಕಿದೆ, ನೆಲದ ಮೇಲೆ ಬಿದ್ದವರ ಕೈಗೂ ಎಟುಕುವಷ್ಟು ಕೆಳಗೆ. ಆಮೇಲೆ ಗಿರಿಜ ಅಪ್ಪನ ಮುಂದೆ ಕೂತಳು.

"ಅಪ್ಪಾ, ಬಿದ್ರೆ ಹೊತ್ತು ಗೊತ್ತು ನೋಡ್ಬೇಡ. ಒತ್ತು. ಮಾತು ಕೊಡು."

ಮಾವ ಮಾತು ಕೊಡಲಿಲ್ಲ. ಬದಲಿಗೆ ಟ್ರಂಕು ತೆಗೆಸಿ, ಅತ್ತೆಯ ಫೋಟೋದ ಕೆಳಗಿಂದ ಒಂದು ಮಡಿಸಿದ ಕಾಗದ ಹೊರಗೆ ತೆಗೆಸಿದರು. ಬಹಳ ವರ್ಷಗಳ ಹಿಂದೆ ಅವರ ಹೆಡ್‌ಮಾಸ್ಟರು ಕೊಟ್ಟ ಮೆಮೊ. ವೇಳೆಗೆ ಮುನ್ನ ಗಂಟೆ ಬಾರಿಸಿ ಶಾಲೆ ಬಿಡಿಸಿದ್ದಕ್ಕೆ ಕಾರಣ ಕೇಳಿದ್ದರು. ಅವರ ಇಡೀ ಸರ್ವಿಸ್ಸಿಗೆ ಅದೊಂದೇ ಮೆಮೊ.

"ಯಾಕೆ ಹೊಡೆದ್ರಿ ಆವತ್ತು?" ಎಂದೆ.

"ಜಡೆ ಊರಿನ ಕಡೆ ಮೋಡ ಕಪ್ಪಗೆ ಕಟ್ಟಿತ್ತು. ಹಳ್ಳದ ಆಚಿಂದ ಬರೋ ಮಕ್ಳು ಹತ್ತು ಹನ್ನೆರಡು ಇದ್ವು. ಹಳ್ಳ ಬಂದ್ರೆ ಎಂತ ಮಾಡದು? ಮೂರು ಮುಕ್ಕಾಲಿಗೇ ಲಾಂಗ್ ಬೆಲ್ ಹೊಡ್ದೆ. ಮಕ್ಳು ದಾಟಿದ್ವು, ಅರ್ಧ ಗಂಟೇಲಿ ಹಳ್ಳ ಬಂತು."

"ಮತ್ತೆ? ಸರಿಯಾಗೇ ಮಾಡಿದ್ರಲ್ಲ. ಹೊತ್ತಲ್ಲದ ಹೊತ್ತಲ್ಲಿ ಹೊಡೀಬಹುದು ಅಂತ ಆಯ್ತಲ್ಲ."

"ಅದು ಮಕ್ಳಿಗೆ ಹೊಡೆದದ್ದು ಅಳಿಯಂದ್ರೆ" ಎಂದರು ಮಾವ, ನನಗೆ ಇಷ್ಟೂ ಅರ್ಥವಾಗದೇ ಎಂಬ ದನಿಯಲ್ಲಿ. "ನಂಗೋಸ್ಕರ ನಾನೇ ಹೊಡ್ಕಳಕೆ ಬರ್ತದನಾ?"

ಯಾವ ಕಾಯಿಲು ಸುತ್ತಿದರೂ ರಿಪೇರಿಯಾಗುವ ಸಂಗತಿಯಲ್ಲ ಅದು. ದಾರಿ ತೋರಿಸಿದ್ದು ಗಿರಿಜ. ದಿನವೂ ಮೂವತ್ತು ಮಕ್ಕಳನ್ನು ಸಂಭಾಳಿಸುವವಳು ಅವಳು.

"ಗಂಟೆ ಆದ್ಮೇಲೆ ಶಾಲೇಲಿ ಏನ್ ಮಾಡ್ತಾರಪ್ಪಾ?"

"ಹಾಜರಿ ತಗಳ್ತಾರೆ."

"ಹಾಗಾದ್ರೆ ಇಲ್ಲೂ ಹಾಜರಿ. ನೀನು ಗಂಟೆ ಹೊಡೀಬೇಕು. ಇವರು ಅಂಗಡಿ ಹಿಂಬಾಗಿಲಿಗೆ ಬಂದು ಹೆಸರು ಕರೀಬೇಕು. ನೀನು ಹಾಜರ್ ಅನ್ಬೇಕು. ಬಿದ್ದಿದ್ರೆ ಹಾಜರ್ ಅನ್ನೋ ಹಾಗಿಲ್ಲ. ಸುಳ್ಳು ಹಾಜರಿ ತಪ್ಪು, ನಿಂಗೇ ಗೊತ್ತಲ್ಲ."

ಮಾವ ಮೂವತ್ಮೂರು ವರ್ಷ ಹಾಜರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಕ್ಲಾಸಿನಿಂದ ಕ್ಲಾಸಿಗೆ ಓಡಾಡಿದವರು. ಯಾವ ಪುಸ್ತಕದಲ್ಲೂ ತಮ್ಮ ಹೆಸರನ್ನು ಯಾರೂ ಕೂಗಿದ್ದಿಲ್ಲ. ಆಗಲಿ ಎಂದರು.

ತೊಡಕು ಬಂದದ್ದು ನನಗೆ. ಮಾವನನ್ನು ಹೆಸರು ಹಿಡಿದು ಕರೆಯುವುದು ಹೇಗೆ? ಹಿಂಬಾಗಿಲಲ್ಲಿ ನಿಂತು "ಮಲ್ಲೇಶಪ್ಪ!" ಎಂದು ಕೂಗಿದರೆ ಬೀದಿಯವರು ಏನೆಂದುಕೊಂಡಾರು? ಮೊದಲ ದಿನ ಬಾಯಿ ತೆರೆದು ನಿಂತೆ, ದನಿ ಹೊರಡಲಿಲ್ಲ. ಕೊನೆಗೆ "ಮಾವಾ..." ಎಂದೆ. ಒಳಗಿನಿಂದ ಮಗ್ಗಿ ಒಪ್ಪಿಸುವವರಂತೆ ಗಟ್ಟಿಯಾದ ಉತ್ತರ ಬಂತು.

"ಹಾಜರ್!"

ಅಂದಿನಿಂದ ಅದೇ ಆಯಿತು. ಗಂಟೆ, ಮಾವಾ, ಹಾಜರ್. ದಿನಕ್ಕೆ ಎಂಟೊಂಬತ್ತು ಸಲ. ಗಿರಾಕಿಗಳಿಗೂ ರೂಢಿಯಾಗಿ, ನಾನು ಸುತ್ತಿಗೆ ಕೆಳಗಿಡುವುದು ತಡವಾದರೆ ಅವರೇ, "ಕರೀರಿ, ನಿಮ್ ಮಾವ ಕಾಯ್ತಿರ್ತಾರ" ಎನ್ನುತ್ತಿದ್ದರು. ಎರಡು ಸಲ ಉತ್ತರ ಬರಲಿಲ್ಲ. ಒಮ್ಮೆ ಮಾವ ನಿಜಕ್ಕೂ ತಲೆಸುತ್ತಿ ಕಟ್ಟೆಯ ಮೇಲೆ ಮಲಗಿದ್ದರು, ಸಕ್ಕರೆ ನೀರು ಕುಡಿಸಿದೆ. ಇನ್ನೊಮ್ಮೆ ಬಾಯಿ ತುಂಬ ಎಲೆ ಅಡಿಕೆ ಇತ್ತು.

ಆ ನಡುವೆ ಒಂದು ದಿನ ಗಂಟೆ ಹೊತ್ತಲ್ಲದ ಹೊತ್ತಿನಲ್ಲಿ ಬಾರಿಸಿತು. ಹನ್ನೊಂದೂ ಕಾಲು. ಬಿಡದೆ ಬಾರಿಸುತ್ತಿತ್ತು. ಕೊನೆಗೂ ಮಾವನಿಗೆ ಬುದ್ಧಿ ಬಂತು ಎಂದುಕೊಂಡು ಓಡಿದೆ. ಅವರು ಅಂಗಳದಲ್ಲಿ ಗಟ್ಟಿಮುಟ್ಟಾಗಿ ನಿಂತಿದ್ದರು.

"ಶಾಂತಮ್ಮ ಇವತ್ತು ಹಾಜರಿಲ್ಲ" ಎಂದರು. "ಒಂಬತ್ತಕ್ಕೆ ನೀರಿಗೆ ಬರ್ಬೇಕಿತ್ತು, ಬರ್ಲಿಲ್ಲ. ಹನ್ನೊಂದಕ್ಕೆ ಬಟ್ಟೆ ಹಾಕಕೆ ಬರ್ಬೇಕಿತ್ತು, ಬರ್ಲಿಲ್ಲ. ಬಾಗ್ಲು ಒಳಗಿಂದ ಹಾಕೈತೆ. ಕೂಗಿದ್ರೆ ಸದ್ದಿಲ್ಲ."

ಇಣುಕಿ ನೋಡುತ್ತಾಳೆಂದು ಕಿಟಕಿಗೆ ಪಂಚೆ ಕಟ್ಟಿದ ಮನುಷ್ಯ, ಪಂಚೆಯ ಹಿಂದಿನಿಂದ ದಿನವೂ ಅವಳ ಹಾಜರಿ ತೆಗೆದುಕೊಳ್ಳುತ್ತಿದ್ದರು! ನಾನು ಹೋಗಿ ಬಾಗಿಲು ಬಡಿದೆ, ಕೂಗಿದೆ, ಕೊನೆಗೆ ಭುಜ ಕೊಟ್ಟು ಚಿಲಕ ಮುರಿದೆ. ಒಳಗೆ ಬೆಕ್ಕೊಂದೇ ಇತ್ತು. ಮಾವ ಹೇಳಿದ ಬಾಗಿಲು ಒಳಗಿನಿಂದ ಹಾಕಿದ್ದೇನೋ ನಿಜ. ಶಾಂತಕ್ಕ ಹಿತ್ತಿಲ ಬಾಗಿಲಿಗೆ ಬೀಗ ಹಾಕಿ, ಜಡೆಯಲ್ಲಿ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆಂದು ಮೊದಲ ಬಸ್ಸಿಗೇ ಹೋಗಿದ್ದಳು. ಸಂಜೆ ಬಂದವಳು ಮುರಿದ ಚಿಲಕ ನೋಡಿ, "ನಾನೇನು ಸತ್ತೋಗಿದ್ನೇನ್ರಿ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದಳು. ಚಿಲಕ ನಾನೇ ಹಾಕಿಕೊಟ್ಟೆ.

ಆದರೆ ಮರುವಾರ ಊರಿಗೆ ಹೊರಟವಳು ನಮ್ಮ ಕಿಟಕಿಯ ಮುಂದೆ ನಿಂತು, "ಮಲ್ಲೇಶಪ್ನೋರೆ, ಸೊರಬಕ್ಕೆ ಹೊಂಟೀನಿ. ಐದರ ಬಸ್ಸಿಗೆ ಬರ್ತೀನಿ ನೋಡ್ರಿ" ಎಂದಳು. ಒಳಗಿನಿಂದ ಮಾವ, "ಆಗ್ಲಿ, ಹೋಗಿ ಬನ್ನಿ" ಎಂದು ರಜೆ ಮಂಜೂರು ಮಾಡಿದರು. ಆಮೇಲೆ ಆಕೆ ಒಮ್ಮೆಯೂ ಹೇಳದೆ ಹೋದದ್ದಿಲ್ಲ. ಕಿಟಕಿಗೆ ಕಟ್ಟಿದ್ದ ಪಂಚೆಯನ್ನೂ ಮಾವ ಯಾವಾಗಲೋ ತೆಗೆದಿದ್ದರು.

ಏಳನೇ ವರ್ಷದ ಕೊನೆಗೆ ಮಾವ ತೀರಿಕೊಂಡರು. ಭಾನುವಾರ ಬೆಳಿಗ್ಗೆ, ಪೂಜೆ ಮುಗಿಸಿ, ಗಿರಿಜ ಪಕ್ಕದಲ್ಲೇ ಇದ್ದಾಗ. ಗಂಟೆಯ ಅಗತ್ಯ ಬೀಳಲಿಲ್ಲ. ರಜೆಯ ದಿನ ನೋಡಿಕೊಂಡೇ ಹೋದರೆಂದು ಶಾಂತಕ್ಕ ಅತ್ತಳು.

ನನಗೆ ಸ್ವಿಚ್ಚು ನೋಡಿದಾಗ ನೆನಪಾಗುವುದು ಆ ದಿನವಲ್ಲ. ಅದಕ್ಕೆ ಕೆಲವು ತಿಂಗಳ ಮುಂಚಿನ ಒಂದು ಮಧ್ಯಾಹ್ನ. ಮಾವ ಆಗ ಹೊರಗೆ ಬರುವುದು ಕಡಿಮೆಯಾಗಿತ್ತು. ಎರಡು ಐವತ್ತು ಇರಬೇಕು. ಅಂಗಡಿಯಲ್ಲಿ ಗಂಟೆ ಒಂದೇ ಒಂದು ಸಲ, ಚಿಕ್ಕದಾಗಿ, ಬೆರಳು ಜಾರಿ ತಾಗಿದಂತೆ ಬಾರಿಸಿತು. ನಾನು ಓಡಿದೆ. ಮಾವ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು.

"ಬಿದ್ರಾ?"

"ಇಲ್ಲ."

"ತಲೆ ಸುತ್ತುತ್ತಾ? ಶಾಂತಕ್ಕ ಎಲ್ಲಿ?"

"ಎಂತ ಇಲ್ಲ ಮಾರಾಯ್ರೆ. ಶಾಂತಮ್ಮ ಒಣಗಿದ ಬಟ್ಟೆ ತೆಗೀತಾ ಇದಾರೆ." ನನ್ನ ಮುಖ ನೋಡದೆ ಹೇಳಿದರು. "ಸುಮ್ನೆ ಹೊಡ್ದೆ. ಕೂತ್ಕಳಿ."

ಸುಳ್ಳೇಕೆ ಹೇಳಲಿ, ನನಗೆ ಸಿಟ್ಟೇ ಬಂತು. ಹೊರಗೆ ಒಬ್ಬ ರೈತ ಮೋಟಾರಿಗಾಗಿ ಕಾಯುತ್ತಿದ್ದ, ಕಾಯಿಲಿಗೆ ಹಾಕುವ ವಾರ್ನಿಷ್ ಒಲೆಯ ಮೇಲೆ ಬಿಸಿಯಾಗುತ್ತಿತ್ತು. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೂ ಇಟ್ಟೆ. ಆಮೇಲೆ ಅವರ ಕೈ ನೋಡಿದೆ. ಸ್ವಿಚ್ಚನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದರು, ತಪ್ಪು ಮಾಡಿದವರಂತೆ. ಮಕ್ಕಳಿಗೆಂದು ಒಮ್ಮೆ ಹೊಡೆದಿದ್ದರು, ಶಾಂತಕ್ಕನಿಗೆಂದು ಒಮ್ಮೆ. ತಮಗೆಂದು ಹೊತ್ತಲ್ಲದ ಹೊತ್ತಿನಲ್ಲಿ ಹೊಡೆದದ್ದು ಇದೇ ಮೊದಲು.

ಹೊರಗೆ ಹೋಗಿ ವಾರ್ನಿಷ್ ಇಳಿಸಿ, ರೈತನಿಗೆ ನಾಲ್ಕೂವರೆಗೆ ಬಾ ಎಂದು ಹೇಳಿ, ಬಂದು ಮಂಚದ ತುದಿಯಲ್ಲಿ ಕೂತೆ. ಮಾವ, ಲಾಂಗ್ ಬೆಲ್ ಆದ ಕೂಡಲೇ ನೀವು ಹುಡುಗರು ಮೊದಲು ಎಲ್ಲಿಗೆ ಓಡುತ್ತಿದ್ದಿರಿ ಎಂದು ಕೇಳಿದರು. ಹುಣಸೆ ಮರಕ್ಕೆ ಎಂದೆ. "ಸೊರಬದಾಗೂ ಹಂಗೇಯ" ಎಂದರು. ಅಜ್ಜಿಯ ಕುಟ್ಟಾಣಿಯ ಕತೆ ಹೇಳಿದೆ. ಸುಳ್ಳು ಗಂಟೆ ಹೊಡೀತಿದ್ರಾ ಎಂದು ಬಹಳ ಹೊತ್ತು ನಕ್ಕರು.

ಮೂರು ಹತ್ತು ಆಯಿತು. ಮಾವ ವಾಚು ನೋಡಿ, ಪಂಚೆಯಿಂದ ಸ್ವಿಚ್ಚು ತೆಗೆದು ನನ್ನ ಕೈಯಲ್ಲಿಟ್ಟರು.

"ಇವತ್ತು ನೀವು ಹೊಡೀರಿ."

ಒತ್ತಿದೆ. ಅರವತ್ತು ಅಡಿ ಆಚೆ, ಖಾಲಿ ಅಂಗಡಿಯಲ್ಲಿ ಗಂಟೆ ಬಾರಿಸಿದ್ದು ಸಣ್ಣಗೆ ಕೇಳಿಸಿತು. ಎಷ್ಟೋ ವರ್ಷಗಳಿಂದ ನನ್ನ ತಲೆಯ ಮೇಲೆ ಬಾರಿಸುತ್ತಿದ್ದ ಗಂಟೆ ಈ ಕಡೆಯಿಂದ ಹೇಗೆ ಕೇಳುತ್ತದೆಂದು ನನಗೆ ಗೊತ್ತಾದದ್ದು ಆಗಲೇ. ಮಾವ ಅಭ್ಯಾಸಬಲದಿಂದ ಅಂಗಳದ ಕಡೆ ಕಿವಿಗೊಟ್ಟು, ಕರೆಗಾಗಿ ಕಾದರು. ಅಲ್ಲಿಂದ ಕರೆಯುವವನು ಇಲ್ಲೇ ಕೂತಿದ್ದನಲ್ಲ. ಅದು ಹೊಳೆದು ನನ್ನ ಕಡೆ ತಿರುಗಿದರು. ಗಂಟಲು ಸರಿಮಾಡಿಕೊಂಡರು.

"ಅಳಿಯಂದ್ರೇ!"

"ಹಾಜರ್" ಎಂದೆ.